ಎಣ್ಣೆ ಕೊಡುವ ಪಾಚಿಗೆ ಇಷ್ಟು ನಿಧಾನವೇಕೆ?

ಬೊಟ್ರಿಯೊಕಾಕಸ್ ಬ್ರೌನಿಯೈ ಎಂಬ ಹಸಿರು ಪಾಚಿಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಅದರ ಮೇಲೆ ತೆಳುಗಾಜು ಮುಚ್ಚಿ ಮೆಲ್ಲಗೆ ಒತ್ತಿದರೆ, ಜೀವಕೋಶಗಳ ಗುಂಪಿನ ಅಂಚಿನಿಂದ ಎಣ್ಣೆಯ ಗುಂಡು ಗುಂಡು ಹನಿಗಳು ಜಿನುಗುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಕೋಶಗಳೇನೂ ಒಡೆದಿರುವುದಿಲ್ಲ. ಎಣ್ಣೆ ಇದ್ದದ್ದೇ ಕೋಶದ ಹೊರಗೆ, ಕೋಶಗಳನ್ನೆಲ್ಲ ದ್ರಾಕ್ಷಿಗೊಂಚಲಿನಂತೆ ಹಿಡಿದಿಟ್ಟ ರಬ್ಬರಿನಂಥ ಅಂಟುಪದರದಲ್ಲಿ. ಅದು ಅಡುಗೆ ಎಣ್ಣೆಯಂಥ ಎಣ್ಣೆಯೂ ಅಲ್ಲ. ಶೇಂಗಾ, ಹೊಂಗೆ, ತಾಳೆ ಇವುಗಳ ಎಣ್ಣೆಯ ಅಣುವಿನಲ್ಲಿ ಆಮ್ಲಜನಕ ಇರುತ್ತದೆ. ಡೀಸೆಲ್ ಎಂಜಿನ್ನಿಗೆ ಹೊಂದಿಸಬೇಕಾದರೆ ಅದನ್ನು ಮೆಥನಾಲ್ ಜೊತೆ ಕ್ರಿಯೆಗೆ ಒಳಪಡಿಸಿ, ಗ್ಲಿಸರಾಲ್ ಬೇರ್ಪಡಿಸಬೇಕು. ಬೊಟ್ರಿಯೊಕಾಕಸ್‌ನ ಎಣ್ಣೆಯಲ್ಲಿ ಇಂಗಾಲ ಮತ್ತು ಜಲಜನಕ ಬಿಟ್ಟರೆ ಬೇರೇನೂ ಇಲ್ಲ. ನೆಲದಡಿಯ ಕಚ್ಚಾತೈಲದ ಜಾತಿಗೇ ಸೇರಿದ ಹೈಡ್ರೋಕಾರ್ಬನ್ ಅದು. ಒಣತೂಕದ ಶೇ 30ರಿಂದ 40ರಷ್ಟು ಇಂಥ ಎಣ್ಣೆ ಕೊಡುವ ತಳಿಗಳಿವೆ. ಕೆಲವು ತಳಿಗಳಲ್ಲಿ ಶೇ 60 ದಾಟಿದ ವರದಿಯೂ ಇದೆ.

ಇಷ್ಟೆಲ್ಲ ಇದ್ದೂ ಪಾಚಿಯ ಇಂಧನ ಪೆಟ್ರೋಲ್ ಬಂಕಿಗೆ ಬಂದಿಲ್ಲ. ಕಾರಣ ಕೇಳಿದರೆ ಮೊದಲು ಸಿಗುವ ಉತ್ತರ, ಈ ಪಾಚಿ ಬಹಳ ನಿಧಾನ ಬೆಳೆಯುತ್ತದೆ ಎಂಬುದು. ಕ್ಲೊರೆಲ್ಲಾ ಜಾತಿಯ ಪಾಚಿ ಅನುಕೂಲವಿದ್ದಲ್ಲಿ ಒಂದು ದಿನದೊಳಗೇ ಇಮ್ಮಡಿಯಾಗುತ್ತದೆ. ಬೊಟ್ರಿಯೊಕಾಕಸ್‌ಗೆ ಹಲವು ದಿನ ಬೇಕು, ಎಷ್ಟೋ ಸಲ ವಾರವೇ ಹಿಡಿಯುತ್ತದೆ. ಎಣ್ಣೆ ಹೆಚ್ಚು ಮಾಡುವುದರಿಂದಲೇ ಅದು ನಿಧಾನವೇ, ಅಥವಾ ನಿಧಾನಕ್ಕೂ ಎಣ್ಣೆಗೂ ಸಂಬಂಧವೇ ಇಲ್ಲವೇ? ಈ ಕ್ಷೇತ್ರದ ಬಹುಪಾಲು ಭಿನ್ನಾಭಿಪ್ರಾಯಗಳು ಕೊನೆಗೆ ಬಂದು ನಿಲ್ಲುವುದು ಇಲ್ಲಿ. ಎರಡೂ ಬೇರ್ಪಡುವಂಥವು ಎಂದಾದರೆ ಒಂದು ದಾರಿ, ಬೇರ್ಪಡದವು ಎಂದಾದರೆ ಬೇರೆ ದಾರಿ. ಬೇರ್ಪಟ್ಟರೂ ಪ್ರಯೋಜನ ಅಷ್ಟಕ್ಕಷ್ಟೇ ಎನ್ನುವ ಮೂರನೆಯ ಗುಂಪೂ ಇದೆ, ಅವರ ವಾದವನ್ನು ಬದಿಗೆ ಸರಿಸುವುದು ಸುಲಭವಲ್ಲ.

ನ್ಯಾಯಾಲಯಕ್ಕೆ ಹೋದ ಪಾಚಿ

ಪಾಚಿಯ ಎಣ್ಣೆಯಿಂದ ದೀಪ ಉರಿಸಿದ್ದು ಇಂದು ನಿನ್ನೆಯ ಮಾತಲ್ಲ, ಉರಿಸಿದವರಿಗೆ ಅದು ಪಾಚಿಯದೆಂದು ತಿಳಿದಿರಲಿಲ್ಲ ಅಷ್ಟೆ. ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ 1850ರಲ್ಲಿ ಕಲ್ಲಿದ್ದಲನ್ನು ಹದವಾಗಿ ಕಾಯಿಸಿ ಪ್ಯಾರಫಿನ್ ಎಣ್ಣೆ ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಬಾತ್‌ಗೇಟ್ ಊರಿನ ಅವನ ಕಾರ್ಖಾನೆಗೆ ಹತ್ತಿರದ ಟಾರ್ಬೇನ್ ಹಿಲ್‌ನಿಂದ ಬರುತ್ತಿದ್ದ ಕಚ್ಚಾವಸ್ತು ಮಾಮೂಲಿ ಕಲ್ಲಿದ್ದಲಿನಂತಿರಲಿಲ್ಲ. ಎಣ್ಣೆ ಕೊಡುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಬೆಲೆ ಏರಿತು, ಜಗಳ ಶುರುವಾಯಿತು. ಕಲ್ಲಿದ್ದಲು ತೆಗೆಯಲು ನೆಲವನ್ನು ಗುತ್ತಿಗೆ ಕೊಟ್ಟಿದ್ದ ಮಾಲೀಕ, ಇದು ಕಲ್ಲಿದ್ದಲೇ ಅಲ್ಲ, ಆದ್ದರಿಂದ ಗುತ್ತಿಗೆಯಲ್ಲಿ ಸೇರಿಲ್ಲ ಎಂದು ದಾವೆ ಹೂಡಿದ. 1853ರಲ್ಲಿ ಎಡಿನ್‌ಬರೊದಲ್ಲಿ ನಡೆದ ವಿಚಾರಣೆಯಲ್ಲಿ ಭೂವಿಜ್ಞಾನಿಗಳು, ರಸಾಯನ ವಿಜ್ಞಾನಿಗಳು ಎರಡೂ ಕಡೆ ಸಾಲುಗಟ್ಟಿ ಸಾಕ್ಷಿ ಹೇಳಿದರು. ಜ್ಯೂರಿ ಗುತ್ತಿಗೆದಾರನ ಪರ ತೀರ್ಪಿತ್ತಿತು. ವಿಜ್ಞಾನದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕೂರಾಂಗ್ ಪ್ರದೇಶದಲ್ಲಿ, ನೀರು ಇಂಗಿದ ತಗ್ಗುಗಳಲ್ಲಿ, ಕಪ್ಪು ರಬ್ಬರಿನ ಹಾಳೆಯಂಥ ವಸ್ತು ಸಿಕ್ಕಿತು. ಹಚ್ಚಿದರೆ ಉರಿಯುತ್ತಿತ್ತು. ಕೆಳಗೆ ಪೆಟ್ರೋಲಿಯಂ ಇದೆ, ಅದೇ ಒಸರಿ ಹೀಗಾಗಿದೆ ಎಂದು ನಂಬಿದವರು 1866ರಲ್ಲಿ ಅಲ್ಲಿ ಬಾವಿ ಕೊರೆದರು. ಆಸ್ಟ್ರೇಲಿಯಾದಲ್ಲಿ ಎಣ್ಣೆಗಾಗಿ ಕೊರೆದ ಮೊದಲ ಬಾವಿ ಅದು ಎನ್ನುತ್ತಾರೆ. ಎಣ್ಣೆ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಕೂರಾಂಗೈಟ್ ಎಂದು ಹೆಸರಾದ ಆ ವಸ್ತು ನೆಲದಡಿಯಿಂದ ಬಂದದ್ದಲ್ಲ, ನೀರಿನ ಮೇಲೆ ತೇಲಿದ ಪಾಚಿ ದಡಕ್ಕೆ ಸೇರಿ ಒಣಗಿ ಆದದ್ದು. ಕಝಾಕ್‌ಸ್ತಾನದ ಬಾಲ್ಕಾಶ್ ಸರೋವರದ ದಡದಲ್ಲೂ ಅಂಥದೇ ವಸ್ತುವಿದೆ. 1936ರಲ್ಲಿ ಕ್ಯಾಥ್ಲೀನ್ ಬ್ಲ್ಯಾಕ್‌ಬರ್ನ್ ಮತ್ತು ಟೆಂಪರ್ಲಿ ಇಂದಿನ ಬೊಟ್ರಿಯೊಕಾಕಸ್‌ನ ರಚನೆಯನ್ನೂ ಟಾರ್ಬೇನ್ ಹಿಲ್‌ನ ಟಾರ್ಬನೈಟ್‌ನಂಥ ಕಲ್ಲಿದ್ದಲುಗಳ ರಚನೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ, ಸುಮಾರು 30 ಕೋಟಿ ವರ್ಷಗಳ ಹಿಂದಿನ ಆ ಕಲ್ಲಿದ್ದಲು ಈ ಪಾಚಿಯ ಬಳಗದ್ದೇ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ. 1980ರಲ್ಲಿ ಮೊಲ್ಡೊವಾನ್ ಮತ್ತು ಸೈಫರ್ಟ್ ಸುಮಾತ್ರಾದ ಕಚ್ಚಾತೈಲದಲ್ಲಿ ಬೊಟ್ರಿಯೊಕಾಕೇನ್ ಎಂಬ ಅಣುವನ್ನು ಗುರುತಿಸಿದರು. ಈ ಪಾಚಿ ಬಿಟ್ಟರೆ ಬೇರೆ ಮೂಲವೇ ಗೊತ್ತಿಲ್ಲದ ಅಣು ಅದು. ಪಾಚಿಯಿಂದ ಪೆಟ್ರೋಲಿಯಂ ಆಗಬಲ್ಲದೇ ಎಂಬ ಪ್ರಶ್ನೆಗೆ ಭೂಮಿ ಹೀಗೆ ಮೊದಲೇ ಉತ್ತರ ಕೊಟ್ಟಿತ್ತು. ಆದರೆ ಭೂಮಿಗೆ ಅವಸರವಿರಲಿಲ್ಲ ಎಂಬುದನ್ನು ಇಂಧನದ ಉತ್ಸಾಹಿಗಳು ಹಲವು ಸಲ ಮರೆಯುತ್ತಾರೆ.

ಎಣ್ಣೆಯ ಪ್ರಮಾಣದ ಬಗ್ಗೆ ಈಗಲೂ ಪದೇ ಪದೇ ಉಲ್ಲೇಖವಾಗುವ ಒಂದು ಅಂಕಿ ಶೇ 86. ಬ್ರೌನ್ ಮತ್ತು ಸಂಗಡಿಗರು 1969ರಲ್ಲಿ, ಕಂದುಬಣ್ಣಕ್ಕೆ ತಿರುಗಿದ ಪಾಚಿಯಲ್ಲಿ ಅಷ್ಟು ಹೈಡ್ರೋಕಾರ್ಬನ್ ಇದೆ ಎಂದರು. ಹಸಿರಾಗಿ ಬೆಳೆಯುವಾಗ ಒಂದು ಬಗೆಯ ಎಣ್ಣೆ, ಬೆಳವಣಿಗೆ ನಿಂತು ಕಂದಾದಾಗ ಇನ್ನೊಂದು ಬಗೆಯ ಎಣ್ಣೆ ಎಂಬುದು ಅವರ ವಿವರಣೆ. ಪಾಚಿ ಮೊದಲು ಬೆಳೆಯುತ್ತದೆ, ಆಮೇಲೆ ಎಣ್ಣೆ ತುಂಬಿಕೊಳ್ಳುತ್ತದೆ ಎಂಬ ಭಾವನೆಗೆ ಇದರಿಂದ ಬಲ ಬಂತು. ಫ್ರಾನ್ಸಿನ ಮೆಟ್ಜ್‌ಗರ್ ಮತ್ತು ಸಂಗಡಿಗರು ಬೇರೆ ಬೇರೆ ಕಡೆಯ ಕಾಡುತಳಿಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, 1985ರಲ್ಲಿ ಅದನ್ನು ತಿದ್ದಿದರು. ಒಂದೇ ಪಾಚಿ ಎರಡು ಬಗೆಯ ಎಣ್ಣೆ ಮಾಡುವುದಿಲ್ಲ, ಎರಡು ಬೇರೆ ತಳಿಗಳೇ ಇವೆ. ಅವು ಎ ಮತ್ತು ಬಿ. ಮುಂದೆ ಎಲ್ ಎಂಬ ಮೂರನೆಯದೂ ಸೇರಿತು. ಲಾರ್ಜೊ, ಕಸಾದೆವಾಲ್ ಅವರ ಪ್ರಯೋಗಗಳಿಂದ ಇನ್ನೊಂದು ಮುಖ್ಯ ಸಂಗತಿ ಹೊರಬಂತು. ಬೊಟ್ರಿಯೊಕಾಕಸ್ ಹೆಚ್ಚು ಹೈಡ್ರೋಕಾರ್ಬನ್ ಮಾಡುವುದು ಬೆಳವಣಿಗೆ ನಿಂತಾಗ ಅಲ್ಲ, ಚುರುಕಾಗಿ ಬೆಳೆಯುತ್ತಿರುವಾಗಲೇ. ಉಳಿದ ಎಣ್ಣೆಪಾಚಿಗಳ ರೀತಿ ಇದಕ್ಕೆ ತದ್ವಿರುದ್ಧ. ಸಾರಜನಕ ಸಿಗದೆ ಹಸಿದಾಗ ಅವು ಕೊಬ್ಬು ಕೂಡಿಡುತ್ತವೆ, ಹಸಿದ ಪಾಚಿ ಬೆಳೆಯುವುದಿಲ್ಲ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಸುಮಾರು 2.5 ಕೋಟಿ ಡಾಲರ್ ಖರ್ಚುಮಾಡಿ ನಡೆಸಿದ ಪಾಚಿ ಇಂಧನ ಯೋಜನೆ 3,000ಕ್ಕೂ ಹೆಚ್ಚು ತಳಿಗಳನ್ನು ಕಲೆಹಾಕಿತು. ಕೊನೆಗೆ ತಲೆ ಚಚ್ಚಿಕೊಂಡದ್ದು ಈ ಗೋಡೆಗೇ. ಎಣ್ಣೆಯ ಪಾಲು ಏರಿದಾಗ ಒಟ್ಟು ಬೆಳೆ ಇಳಿಯಿತು. ಬೊಟ್ರಿಯೊಕಾಕಸ್‌ನಲ್ಲಿ ಆ ಗೋಡೆ ಇಲ್ಲ. ಅಲ್ಲಿರುವ ತೊಡಕು ಬೇರೆಯದು.

ಕೋಶದೊಳಗೆ ನಡೆಯುವುದು

ಹಸಿರು ಪಾಚಿಗಳು ಹೈಡ್ರೋಕಾರ್ಬನ್ ಮಾಡುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಕೊಬ್ಬಿನಾಮ್ಲದ ದಾರಿ, ಎ ತಳಿಯದು. ನಮ್ಮ ಅಡುಗೆ ಎಣ್ಣೆಗಳಲ್ಲೂ ಇರುವ ಓಲಿಯಿಕ್ ಆಮ್ಲದಲ್ಲಿ 18 ಇಂಗಾಲ. ಅದಕ್ಕೆ ಎರಡೆರಡಾಗಿ ಇಂಗಾಲ ಜೋಡಿಸುತ್ತ ಸರಪಳಿಯನ್ನು 28, 30, 32ರವರೆಗೆ ಉದ್ದ ಮಾಡಿ, ಕೊನೆಗೆ ತುದಿಯ ಒಂದು ಇಂಗಾಲವನ್ನು ಆಮ್ಲಜನಕದ ಸಮೇತ ಕತ್ತರಿಸಿ ಎಸೆಯುತ್ತದೆ. ಹಾಗಾಗಿಯೇ ಎ ತಳಿಯ ಎಣ್ಣೆಯಲ್ಲಿ 27, 29, 31 ಹೀಗೆ ಬೆಸ ಸಂಖ್ಯೆಯ ಇಂಗಾಲಗಳಿರುವ ಅಣುಗಳೇ ಹೆಚ್ಚು. ಕತ್ತರಿ ಹಾಕುವ ಕಿಣ್ವ ಯಾವುದು ಎಂಬುದರ ಮೇಲೆ ಮಾತ್ರ ಒಮ್ಮತ ಮೂಡಿಲ್ಲ. ಆಮ್ಲದಿಂದ ನೇರವಾಗಿ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ ಎಂದು ಫ್ರೆಂಚ್ ತಂಡ 1984ರಲ್ಲಿ ವಾದಿಸಿತು. ಆಮ್ಲ ಮೊದಲು ಆಲ್ಡಿಹೈಡ್ ಆಗಿ, ಆಮೇಲೆ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ, ಈ ಕೆಲಸ ಮಾಡುವ ಕಿಣ್ವದಲ್ಲಿ ಕೋಬಾಲ್ಟ್ ಇದೆ ಎಂದು ಡೆನಿಸ್ ಮತ್ತು ಕೊಲತ್ತುಕುಡಿ 1992ರಲ್ಲಿ ವರದಿ ಮಾಡಿದರು.

ಈ ಚರ್ಚೆಗೆ 2017ರಲ್ಲಿ ಅನಿರೀಕ್ಷಿತ ತಿರುವು ಸಿಕ್ಕಿತು. ಫ್ರಾನ್ಸಿನ ಕದರಾಶ್‌ನಲ್ಲಿ ಕೆಲಸ ಮಾಡುವ ಸೊರಿಗೆ, ಬೆಸ್ಸೊನ್ ಮತ್ತವರ ತಂಡ ಕ್ಲೊರೆಲ್ಲಾದಿಂದ ಒಂದು ಕಿಣ್ವವನ್ನು ಬೇರ್ಪಡಿಸಿತು. ಕೊಬ್ಬಿನಾಮ್ಲದಿಂದ ಇಂಗಾಲದ ಡೈಆಕ್ಸೈಡನ್ನು ಒಂದೇ ಹೆಜ್ಜೆಯಲ್ಲಿ ಕಿತ್ತುಹಾಕಿ ಹೈಡ್ರೋಕಾರ್ಬನ್ ಮಾಡುವ ಈ ಕಿಣ್ವಕ್ಕೆ ನೀಲಿ ಬೆಳಕು ಬೇಕೇ ಬೇಕು. ಕತ್ತಲಲ್ಲಿ ಅದು ಸುಮ್ಮನಿರುತ್ತದೆ. ಪ್ರತಿ ಸಲ ಕೆಲಸ ಮಾಡಲೂ ಬೆಳಕಿನ ಕಣವೊಂದನ್ನು ಹೀರಿಕೊಳ್ಳಬೇಕು. ನಿಸರ್ಗದಲ್ಲಿ ಹೀಗೆ ಬೆಳಕಿನಿಂದಲೇ ನಡೆಯುವ ಕಿಣ್ವಗಳು ಬೆರಳೆಣಿಕೆಯಷ್ಟು. ಕ್ಲ್ಯಾಮಿಡೊಮೊನಾಸ್ ಸೇರಿದಂತೆ ಅನೇಕ ಪಾಚಿಗಳಲ್ಲಿ ಇದರ ಬಂಧುಗಳಿವೆ. ಆದರೆ ಅವು ಮಾಡುವ ಹೈಡ್ರೋಕಾರ್ಬನ್ ತೀರಾ ಅಲ್ಪ, ಇರುವುದು ದ್ಯುತಿಸಂಶ್ಲೇಷಣೆ ನಡೆಯುವ ಪೊರೆಗಳಲ್ಲಿ. ಆ ಕಿಣ್ವವನ್ನೇ ತೆಗೆದುಹಾಕಿದ ಕ್ಲ್ಯಾಮಿಡೊಮೊನಾಸ್ ಸಾಮಾನ್ಯ ಪರಿಸ್ಥಿತಿಯಲ್ಲಿ ಎಂದಿನಂತೆ ಬೆಳೆಯಿತು. ದ್ಯುತಿಸಂಶ್ಲೇಷಣೆಯಲ್ಲಿ ವ್ಯತ್ಯಾಸ ಕಂಡದ್ದು ಚಳಿಯಲ್ಲಿ. ಪೊರೆಯ ಹದ ಕಾಯಲು ಒಂದು ಚಿಟಿಕೆ ಎಣ್ಣೆ ಎಂಬಷ್ಟು ಅರ್ಥಕ್ಕೆ ಅದು ನಿಲ್ಲುತ್ತದೆ. ಬೊಟ್ರಿಯೊಕಾಕಸ್‌ನ ದುಂದಿಗೆ ಇದರಿಂದ ವಿವರಣೆ ಸಿಗುವುದಿಲ್ಲ.

ಎರಡನೆಯ ದಾರಿ ಬಿ ತಳಿಯದು, ಇಂಧನದ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದು. ಐದೈದು ಇಂಗಾಲದ ತುಣುಕುಗಳನ್ನು ಪೋಣಿಸಿ 15 ಇಂಗಾಲದ ಫಾರ್ನೆಸಿಲ್ ಅಣು ಮಾಡುವುದು, ಅಂಥ ಎರಡನ್ನು ಬೆಸೆದು 30 ಇಂಗಾಲದ ಅಣು ಪಡೆಯುವುದು. ಇಷ್ಟು ಕೆಲಸ ನಮ್ಮ ಯಕೃತ್ತಿನಲ್ಲೂ ನಡೆಯುತ್ತದೆ. ಕೊಲೆಸ್ಟರಾಲ್ ತಯಾರಾಗುವ ಹಾದಿಯಲ್ಲಿ ಸಿಗುವ ಸ್ಕ್ವಾಲೀನ್ ಹುಟ್ಟುವುದು ಹೀಗೆಯೇ. ಬೊಟ್ರಿಯೊಕಾಕಸ್ ಅದೇ ಎರಡು ತುಣುಕುಗಳನ್ನು ಬೇರೊಂದು ಜಾಗದಲ್ಲಿ ಬೆಸೆದು ಬೊಟ್ರಿಯೊಕಾಕೀನ್ ಮಾಡುತ್ತದೆ. ಇಡೀ ಕೆಲಸಕ್ಕೆ ಸ್ಕ್ವಾಲೀನ್ ಕಿಣ್ವದಂಥದೇ ಒಂದು ಕಿಣ್ವ ಇರಬೇಕೆಂದು ಹುಡುಕಿದವರಿಗೆ ದಶಕಗಟ್ಟಲೆ ಅದು ಸಿಗಲಿಲ್ಲ. ಒಂದೇ ಇದೆ ಎಂದುಕೊಂಡದ್ದೇ ಎಡವಟ್ಟು. ಕೆಂಟಕಿಯ ಚಾಪೆಲ್, ಟೆಕ್ಸಾಸ್‌ನ ಡೆವರೆನ್ ಇವರ ತಂಡಗಳು 2011ರಲ್ಲಿ ತೋರಿಸಿದ್ದೇನೆಂದರೆ, ಪಾಚಿಯಲ್ಲಿ ಸ್ಕ್ವಾಲೀನ್ ಕಿಣ್ವವನ್ನು ಹೋಲುವ ಮೂರು ಕಿಣ್ವಗಳಿವೆ, ಒಂದೊಂದೂ ಅರ್ಧ ಕೆಲಸದ್ದು. ಮೊದಲನೆಯದು ಎರಡು ತುಣುಕುಗಳನ್ನು ಸೇರಿಸಿ ಮಧ್ಯಂತರ ಅಣುವೊಂದನ್ನು ಮಾಡಿ ಕೈಬಿಡುತ್ತದೆ. ಎರಡನೆಯದು ಅದನ್ನು ಎತ್ತಿಕೊಂಡರೆ ಸ್ಕ್ವಾಲೀನ್ ಆಗುತ್ತದೆ, ಮೂರನೆಯದು ಎತ್ತಿಕೊಂಡರೆ ಬೊಟ್ರಿಯೊಕಾಕೀನ್. ಒಂಟಿಯಾಗಿ ಪರೀಕ್ಷಿಸಿದಾಗ ಮೊದಲನೆಯದೂ ಮೂರನೆಯದೂ ಬೇಕಾದ ಅಣುವನ್ನು ಕೊಡಲಿಲ್ಲ. ಜೊತೆಗೂಡಿಸಿದಾಗ ಬೊಟ್ರಿಯೊಕಾಕೀನ್ ಬಂತು. ಆಮೇಲೆ ಬೇರೆ ಕಿಣ್ವಗಳು ಮೀಥೈಲ್ ಗುಂಪುಗಳನ್ನು ಒಂದೊಂದಾಗಿ ಸೇರಿಸಿ 34 ಇಂಗಾಲದವರೆಗೆ ಬೆಳೆಸುತ್ತವೆ. ಎಲ್ ತಳಿಯ 40 ಇಂಗಾಲದ ಲೈಕೊಪಾಡಯೀನ್ ಕೂಡ ಇದೇ ಕುಟುಂಬದ ಕಿಣ್ವದ ಕೆಲಸ ಎಂದು 2016ರಲ್ಲಿ ಗೊತ್ತಾಯಿತು. ದಿನನಿತ್ಯದ ಒಂದು ಕಿಣ್ವದ ನಕಲುಗಳು ಹೆಚ್ಚಾಗಿ, ತಮ್ಮ ತಮ್ಮ ದಾರಿ ಹಿಡಿದು, ಒಂದು ಎಣ್ಣೆ ಕಾರ್ಖಾನೆಯೇ ಎದ್ದಿದೆ.

ಈ ಕವಲೊಡೆದ ಅಣುಗಳು ಸಂಸ್ಕರಣಾಗಾರಕ್ಕೆ ಚೆನ್ನಾಗಿ ಒಗ್ಗುತ್ತವೆ. ಆಸ್ಟ್ರೇಲಿಯಾದಲ್ಲಿ ಹಿಲ್ಲೆನ್ ಮತ್ತು ಸಂಗಡಿಗರು 1982ರಲ್ಲಿ ಬೊಟ್ರಿಯೊಕಾಕಸ್ ಎಣ್ಣೆಯನ್ನು ಜಲಜನಕದ ಒತ್ತಡದಲ್ಲಿ ಒಡೆದಾಗ ಶೇ 67 ಪೆಟ್ರೋಲ್, ಶೇ 15 ವಿಮಾನ ಇಂಧನ, ಶೇ 15 ಡೀಸೆಲ್ ಸಿಕ್ಕಿತು, ಉಳಿದ ಗಸಿ ಶೇ 3 ಮಾತ್ರ. ಹೊಸ ಎಂಜಿನ್ ಬೇಡ, ಹೊಸ ಪೈಪ್‌ಲೈನ್ ಬೇಡ. ಎಣ್ಣೆಯ ಗುಣದ ಬಗ್ಗೆ ಅಂದಿನಿಂದ ಯಾರೂ ತಕರಾರು ಎತ್ತಿಲ್ಲ.

ಪಾಚಿಗೆ ಇದರಿಂದ ಏನು ಪ್ರಯೋಜನ?

ತಾನು ಗಳಿಸಿದ ಶಕ್ತಿಯಲ್ಲಿ ಅರ್ಧದಷ್ಟನ್ನು ಕೋಶದ ಹೊರಗೆ ಸುರಿಯುವ ಜೀವಿ ಅದರಿಂದ ಏನಾದರೂ ಪಡೆಯುತ್ತಿರಬೇಕು. ಕಷ್ಟಕಾಲದ ಉಳಿತಾಯ ಎನ್ನುವಂತಿಲ್ಲ, ಹೊರಗಿಟ್ಟ ಎಣ್ಣೆಯನ್ನು ಕೋಶ ಮತ್ತೆ ಒಳಗೆ ಎಳೆದುಕೊಂಡು ಬಳಸಿದ ಸೂಚನೆ ಸಿಕ್ಕಿಲ್ಲ. ತೇಲಲು ಎಂಬುದು ಹಳೆಯ ವಿವರಣೆ. ನೀರಿಗಿಂತ ಹಗುರಾದ ಎಣ್ಣೆ ಇಡೀ ಗುಂಪನ್ನು ಬಿಸಿಲಿಗೆ ಎತ್ತುತ್ತದೆ, ಕೂರಾಂಗ್‌ನ ದಡದ ಹಾಳೆಗಳಿಗೂ ಅದು ಹೊಂದುತ್ತದೆ. ಆದರೆ ತೇಲಲು ಇಷ್ಟೊಂದು ಎಣ್ಣೆ ಏಕೆ? ತಿನ್ನಲು ಬರುವ ಸೂಕ್ಷ್ಮಜೀವಿಗಳ ವಿರುದ್ಧ ರಕ್ಷಣೆ, ಒಣಗುವ ಕೆರೆಯಲ್ಲಿ ನೀರು ಹಿಡಿದಿಡುವ ಕವಚ, ಅತಿ ಬೆಳಕಿನಲ್ಲಿ ಹೆಚ್ಚಾದ ಶಕ್ತಿಯನ್ನು ಹೊರಚೆಲ್ಲುವ ಕಿಂಡಿ ಎಂಬ ವಿವರಣೆಗಳೂ ಇವೆ. ಕೊನೆಯದು ನಿಜವಾದರೆ ಎಣ್ಣೆ ಬೆಳವಣಿಗೆಯ ಪಾಲನ್ನು ಕಸಿಯುತ್ತಿಲ್ಲ, ಹೇಗೂ ವ್ಯರ್ಥವಾಗುವುದನ್ನು ಬಳಸುತ್ತಿದೆ ಎಂದಾಗುತ್ತದೆ. ಉಳಿದವು ನಿಜವಾದರೆ ಎಣ್ಣೆ ಒಂದು ಖರ್ಚು.

ಖರ್ಚೆಂದೇ ಇಟ್ಟುಕೊಳ್ಳೋಣ. ಒಣತೂಕದ ಶೇ 35 ಹೈಡ್ರೋಕಾರ್ಬನ್ ಇರುವ ಒಂದು ಕಿಲೋ ಪಾಚಿಯಲ್ಲಿ ಸುಮಾರು 30 ಮೆಗಾಜೂಲ್ ಶಕ್ತಿ. ಹೈಡ್ರೋಕಾರ್ಬನ್‌ನ ಪಾಲು ಅದರಲ್ಲಿ 15ರಷ್ಟು. ಅಂದರೆ ಎಣ್ಣೆ ಮಾಡುವುದನ್ನು ಪೂರ್ತಿ ನಿಲ್ಲಿಸಿ ಆ ಶಕ್ತಿಯನ್ನೆಲ್ಲ ಮೈ ಬೆಳೆಸಲು ಹಾಕಿದರೂ ಬೆಳವಣಿಗೆ ಹೆಚ್ಚೆಂದರೆ ಇಮ್ಮಡಿಯಾಗಬೇಕು. ತಯಾರಿಕೆಯಲ್ಲಿ ಆಗುವ ನಷ್ಟ, ಅಂಟುಪದರದ ಖರ್ಚು ಸೇರಿಸಿ ಮೂರು ಪಟ್ಟು ಅನ್ನಿ. ಕ್ಲೊರೆಲ್ಲಾಗೂ ಇದಕ್ಕೂ ಇರುವ ಅಂತರ ಅದಕ್ಕಿಂತ ಹೆಚ್ಚು. ಹಾಗಾದರೆ ನಿಧಾನಕ್ಕೆ ಎಣ್ಣೆಯೊಂದೇ ಕಾರಣವಲ್ಲ. ಗುಂಪಾಗಿ ಬದುಕುವ ಕ್ರಮವೇ ಇನ್ನೊಂದು ಕಾರಣ ಎಂದು ನನಗೆ ತೋರುತ್ತದೆ. ಗೊಂಚಲು ದೊಡ್ಡದಾದಷ್ಟೂ ಒಳಗಿನ ಕೋಶಗಳಿಗೆ ಬೆಳಕು, ಇಂಗಾಲದ ಡೈಆಕ್ಸೈಡ್, ಲವಣ ಎಲ್ಲವೂ ಅಂಟುಪದರ ದಾಟಿಯೇ ತಲುಪಬೇಕು. ಹಾಗೆ ನೋಡಿದರೆ, ಎಣ್ಣೆಯ ಬೆಲೆಗಿಂತ ಎಣ್ಣೆ ಇಡುವ ಮನೆಯ ಬೆಲೆಯೇ ಈ ಪಾಚಿಗೆ ದುಬಾರಿ. ಕ್ಲೊರೆಲ್ಲಾ ಬೇರೆ ವಂಶದ್ದು, ಹೋಲಿಕೆ ನ್ಯಾಯವಲ್ಲ ಎಂಬ ಆಕ್ಷೇಪವಿದೆ, ಒಪ್ಪತಕ್ಕದ್ದೇ. ಆದರೆ ಬೊಟ್ರಿಯೊಕಾಕಸ್‌ನ ತಳಿಗಳ ನಡುವೆಯೇ ಬೆಳವಣಿಗೆಯ ವೇಗದಲ್ಲಿ ದೊಡ್ಡ ವ್ಯತ್ಯಾಸವಿದೆ. ಬರ್ಕ್‌ಲಿಯಲ್ಲಿ ಬೆಳೆಸಿದ ಶೋವಾ ಎಂಬ ಬಿ ತಳಿ ಎಣ್ಣೆಯಲ್ಲಿ ಕಡಿಮೆಯಿಲ್ಲ, ಒಳ್ಳೆಯ ಪರಿಸ್ಥಿತಿಯಲ್ಲಿ ಇಮ್ಮಡಿಯಾಗಲು ಎರಡು ದಿನವೂ ಬೇಡ. ಎಣ್ಣೆ ಮತ್ತು ನಿಧಾನ ಕಟ್ಟಿಹಾಕಿದ ಜೋಡಿಯಾಗಿದ್ದರೆ ಇಂಥ ತಳಿ ಇರಬಾರದಿತ್ತು.

ಪಾಚಿಯನ್ನೇ ಪಳಗಿಸುವವರು

ಮೇಲಿನ ತರ್ಕ ಸರಿಯಾದರೆ ಮಾಡಬೇಕಾದ್ದು ಇಷ್ಟೆ: ವೇಗದ ತಳಿ ಆರಿಸು, ಅದಕ್ಕೆ ಒಗ್ಗುವ ಕೊಳ ಕಟ್ಟು. ಈ ಪಂಥಕ್ಕೆ ಜಪಾನಿನಲ್ಲಿ ಹೆಚ್ಚು ಬೆಂಬಲ ಸಿಕ್ಕಿತು. ತ್ಸುಕುಬಾ ವಿಶ್ವವಿದ್ಯಾಲಯದ ಮಕೊತೊ ವತನಾಬೆ ಈ ಪಾಚಿಯ ಪರ ಬಹುಕಾಲ ವಾದಿಸಿದವರು. ಐಎಚ್‌ಐ ಕಂಪನಿ ಬೇಗ ಬೆಳೆಯುವ ತಳಿಯೊಂದನ್ನು ಹಿಡಿದು 2015ರಲ್ಲಿ ಕಾಗೊಶಿಮಾದಲ್ಲಿ 1,500 ಚದರ ಮೀಟರಿನ ತೆರೆದ ಕೊಳದಲ್ಲಿ ಬೆಳೆಸಿತು. 2020ರಲ್ಲಿ ಬೊಟ್ರಿಯೊಕಾಕಸ್‌ನ ಹೈಡ್ರೋಕಾರ್ಬನ್‌ನಿಂದ ಮಾಡಿದ ಇಂಧನವನ್ನು ವಿಮಾನದ ಇಂಧನಕ್ಕೆ ಶೇ 10ರವರೆಗೆ ಬೆರೆಸಬಹುದು ಎಂದು ಅಂತರರಾಷ್ಟ್ರೀಯ ಮಾನದಂಡದಲ್ಲೇ ಸೇರಿಸಲಾಯಿತು. 2021ರ ಜೂನ್‌ನಲ್ಲಿ ಜಪಾನಿನ ಎರಡು ವಿಮಾನಯಾನ ಸಂಸ್ಥೆಗಳು ಆ ಇಂಧನ ಬೆರೆಸಿ ಪ್ರಯಾಣಿಕರ ವಿಮಾನ ಹಾರಿಸಿದವು. ಆಗುವುದಿಲ್ಲ ಎನ್ನುವವರಿಗೆ ಇದು ನೇರ ಉತ್ತರ. ಎಷ್ಟಕ್ಕೆ ಆಗುತ್ತದೆ ಎನ್ನುವವರಿಗೆ ಅಲ್ಲ.

ನಮ್ಮಲ್ಲಿ ಈ ಪಾಚಿಯ ಮೇಲೆ ಗಂಭೀರ ಕೆಲಸ ನಡೆದದ್ದು ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐನಲ್ಲಿ. ಜಿ. ಎ. ರವಿಶಂಕರ್, ಆರ್. ಸರದಾ ಅವರ ತಂಡ 2000ದ ದಶಕದಲ್ಲಿ ಭಾರತದ ಸಿಹಿನೀರಿನ ನೆಲೆಗಳಿಂದಲೇ ಬೊಟ್ರಿಯೊಕಾಕಸ್ ತಳಿಗಳನ್ನು ಬೇರ್ಪಡಿಸಿತು, ಉಪ್ಪುನೀರಿಗೆ ಅವು ಹೇಗೆ ಹೊಂದಿಕೊಳ್ಳುತ್ತವೆ ಎಂದು ನೋಡಿತು, ಹೊರಗಿನ ತೆರೆದ ಕಾಲುವೆ ಕೊಳಗಳಲ್ಲಿ ಬೆಳೆಸಿಯೂ ನೋಡಿತು. ಉಪ್ಪಿನ ಪ್ರಯೋಗಕ್ಕೆ ವಿಶೇಷ ಬೆಲೆ ಇದೆ. ನಿಧಾನ ಬೆಳೆಯುವ ಪಾಚಿಯ ಕೊಳಕ್ಕೆ ಗಾಳಿಯಲ್ಲಿ ಬರುವ ಬೇರೆ ಪಾಚಿಗಳು ಬಿದ್ದು, ವಾರದೊಳಗೆ ಅವೇ ತುಂಬಿಕೊಳ್ಳುವುದುಂಟು. ಹೊಲದ ಕಳೆಯನ್ನು ಕೀಳಬಹುದು, ನೀರಿನಲ್ಲಿ ಬೆರೆತ ಕಳೆಯನ್ನು ಕೀಳಲಾಗದು. ಕಳೆಗೆ ಒಗ್ಗದ, ಬೆಳೆಗೆ ಒಗ್ಗುವ ನೀರು ಸಿಕ್ಕರೆ ಮಾತ್ರ ತೆರೆದ ಕೊಳ ಉಳಿಯುತ್ತದೆ.

ಕೊಯ್ಲು ಇನ್ನೊಂದು ತಲೆನೋವು. ತೆರೆದ ಕೊಳದಲ್ಲಿ ಲೀಟರಿಗೆ ಅರ್ಧ ಗ್ರಾಂ ಒಣಪಾಚಿ ಸಿಕ್ಕರೆ ಮೆಚ್ಚಬೇಕು. ಒಂದು ಕಿಲೋ ಪಾಚಿಗೆ ಎರಡು ಸಾವಿರ ಲೀಟರ್ ನೀರನ್ನು ಬೇರೆ ಮಾಡಬೇಕೆಂದಾಯಿತು. ಗುಂಪಾಗಿ ತೇಲುವ ಬೊಟ್ರಿಯೊಕಾಕಸ್‌ಗೆ ಇಲ್ಲಿ ತುಸು ಅನುಕೂಲವಿದೆ, ಜಾಲರಿಯಲ್ಲೂ ಹಿಡಿಯಬಹುದು. ಹಸಿಪಾಚಿಯನ್ನು ಸುಮಾರು 90 ಡಿಗ್ರಿಗೆ ಕಾಯಿಸಿದರೆ ಒಣಗಿಸದೆಯೇ ಎಣ್ಣೆ ತೆಗೆಯಬಹುದು ಎಂದು ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಇನ್ನೂ ಆಕರ್ಷಕವಾದದ್ದು, ಪಾಚಿಯನ್ನು ಕೊಲ್ಲದೆ ಮತ್ತೆ ಮತ್ತೆ ಎಣ್ಣೆ ಕರೆಯುವ ಯೋಚನೆ. ಡಯಾಟಮ್ ಪಾಚಿಗಳಿಗಾಗಿ ಇಂಥ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಹಲೇಖಕರು 2009ರಲ್ಲಿ ಮುಂದಿಟ್ಟರು. ಎಣ್ಣೆ ಕೋಶದ ಹೊರಗೇ ಇರುವ ಬೊಟ್ರಿಯೊಕಾಕಸ್‌ಗೆ ಅದು ಇನ್ನಷ್ಟು ಸಹಜ, ದ್ರಾವಕ ಮುಟ್ಟಿಸಿ ಎಣ್ಣೆ ತೆಗೆದು ಪಾಚಿಯನ್ನು ಮತ್ತೆ ನೀರಿಗೆ ಬಿಡುವ ಪ್ರಯೋಗಗಳು ನಡೆದಿವೆ. ನಿಧಾನ ಬೆಳೆಯುತ್ತದೆ ಎಂಬ ದೋಷಕ್ಕೆ ನನ್ನ ಮಟ್ಟಿಗೆ ಅತ್ಯಂತ ಬುದ್ಧಿವಂತಿಕೆಯ ಉತ್ತರ ಇದೇ, ಯಾಕೆಂದರೆ ಇಲ್ಲಿ ಕೋಶ ಪ್ರತಿ ಸಲ ಹೊಸದಾಗಿ ಹುಟ್ಟಬೇಕಿಲ್ಲ. ದ್ರಾವಕದ ಸಹವಾಸದಲ್ಲಿ ಪಾಚಿ ಎಷ್ಟು ಕಾಲ ಆರೋಗ್ಯವಾಗಿರುತ್ತದೆ, ದೊಡ್ಡ ಕೊಳಕ್ಕೆ ಇದನ್ನು ಒಯ್ಯುವುದು ಹೇಗೆ ಎಂಬಲ್ಲಿ ಕೆಲಸ ನಿಂತಿದೆ.

ಕಿಣ್ವವನ್ನು ಬೇರೆಡೆಗೆ ಒಯ್ಯುವವರು

ಪಾಚಿ ನಿಧಾನವಾದರೆ ಪಾಚಿಯನ್ನೇ ಬಿಟ್ಟುಬಿಡೋಣ, ಅದರ ಕಿಣ್ವಗಳನ್ನು ವೇಗವಾಗಿ ಬೆಳೆಯುವ ಜೀವಿಗೆ ಹಾಕೋಣ ಎಂಬುದು ಎರಡನೆಯ ಪಂಥ. 2011ರಲ್ಲಿ ಆ ಮೂರು ಕಿಣ್ವಗಳ ಗುಟ್ಟು ಬಿಚ್ಚಿಕೊಂಡ ಕೂಡಲೇ ಯೀಸ್ಟ್‌ನಲ್ಲಿ, ಮುಂದೆ ತಂಬಾಕು ಗಿಡದಲ್ಲಿ ಬೊಟ್ರಿಯೊಕಾಕೀನ್ ಮಾಡಿಸಲಾಯಿತು. ನೀಲಿಬೆಳಕಿನ ಕಿಣ್ವವನ್ನು ಬ್ಯಾಕ್ಟೀರಿಯಾಕ್ಕೆ ಹಾಕಿಯೂ ಎಣ್ಣೆ ಪಡೆದಿದ್ದಾರೆ. ರಸಾಯನ ಅರ್ಥವಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇಂಧನದ ಮಾತಿಗೆ ಬಂದರೆ ಎರಡು ಅಡ್ಡಿಗಳಿವೆ. ಯೀಸ್ಟ್ ತಾನಾಗಿ ಬಿಸಿಲು ಹಿಡಿಯುವುದಿಲ್ಲ, ಅದಕ್ಕೆ ಸಕ್ಕರೆ ಕೊಡಬೇಕು. ಸಕ್ಕರೆಗೆ ಕಬ್ಬು ಬೇಕು; ಕಬ್ಬು ಇದ್ದ ಮೇಲೆ ನೇರವಾಗಿ ಎಥನಾಲ್ ಮಾಡಬಾರದೇಕೆ ಎಂದು ಯಾವ ಸಕ್ಕರೆ ಕಾರ್ಖಾನೆಯವರೂ ಕೇಳುತ್ತಾರೆ. ಎರಡನೆಯದು ಜೀವವಿಜ್ಞಾನದ ಅಡ್ಡಿ. ಬೊಟ್ರಿಯೊಕಾಕಸ್ ಎಣ್ಣೆಯನ್ನು ಹೊರಗೆ ಸಾಗಿಸುತ್ತದೆ, ಹೊರಗೆ ಅದನ್ನು ಹಿಡಿದಿಡುವ ಪದರವಿದೆ, ಪದರದ ಸುತ್ತ ಸಕ್ಕರೆಯ ಎಳೆಗಳ ಹೊದಿಕೆ ಇದೆ. ಎರವಲು ಪಡೆದ ಜೀವಿಯಲ್ಲಿ ಈ ಯಾವ ಏರ್ಪಾಡೂ ಇಲ್ಲದೆ ಎಣ್ಣೆ ಒಳಗೇ ಉಳಿಯುತ್ತದೆ, ಒಂದು ಮಿತಿ ಮೀರಿದರೆ ಉತ್ಪಾದನೆ ಮುಂದೆ ಸಾಗುವುದಿಲ್ಲ. ಸಾಗಾಣಿಕೆಯನ್ನೂ ಒಯ್ದರಾಯಿತಲ್ಲ ಎಂದರೆ, ಎಣ್ಣೆ ಕೋಶದ ಪೊರೆ, ಗೋಡೆ ದಾಟುವುದು ಹೇಗೆಂಬುದೇ ಸ್ಪಷ್ಟವಿಲ್ಲ. ಹಾಗಾಗಿ ಈ ಪಂಥದ ಲಾಭ ಸದ್ಯಕ್ಕೆ ಸೌಂದರ್ಯವರ್ಧಕ, ಔಷಧಗಳಿಗೆ ಬೇಕಾದ ಸ್ಕ್ವಾಲೀನ್‌ನಂಥ ಬೆಲೆಬಾಳುವ ವಸ್ತುಗಳಲ್ಲಿ. ಲೀಟರ್ ಲೆಕ್ಕದಲ್ಲಿ ಮಾರುವ ಇಂಧನದಲ್ಲಿ ಅಲ್ಲ.

ಬಿಸಿಲಿನ ಲೆಕ್ಕ ಹಾಕುವವರು

ಮೂರನೆಯವರ ವಾದಕ್ಕೆ ಪಾಚಿಯ ತಳಿ ಯಾವುದಾದರೂ ಒಂದೇ. ಅವರು ನೋಡುವುದು ಪ್ರತಿ ಚದರ ಮೀಟರಿಗೆ ಬೀಳುವ ಬಿಸಿಲನ್ನು. ಕರ್ನಾಟಕದಂಥ ಕಡೆ ದಿನಕ್ಕೆ ಚದರ ಮೀಟರಿಗೆ ಸರಾಸರಿ 5 ಯೂನಿಟ್ ಬಿಸಿಲು ಬೀಳುತ್ತದೆ ಎಂದುಕೊಳ್ಳಿ. ಕೊಳದ ಪಾಚಿ ವರ್ಷವಿಡೀ ಶೇ 2ನ್ನು ಹಿಡಿದರೆ ಅದು ಉದಾರ ಲೆಕ್ಕ. ಹಿಡಿದದ್ದರಲ್ಲಿ ಅರ್ಧ ಹೈಡ್ರೋಕಾರ್ಬನ್ ಆದರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 15 ಟನ್ ಎಣ್ಣೆ. ತಾಳೆಬೆಳೆ ಕೊಡುವ 4 ಟನ್ನಿನ ಎದುರು ಇದು ಭರ್ಜರಿಯೇ. ಆದರೆ ಭಾರತ ಒಂದು ವರ್ಷಕ್ಕೆ ಸುಡುವ ಡೀಸೆಲ್ 9 ಕೋಟಿ ಟನ್ನಿನ ಆಸುಪಾಸು. ಅದಕ್ಕೆ 60 ಲಕ್ಷ ಹೆಕ್ಟೇರ್ ಕೊಳ ಬೇಕು, ಕರ್ನಾಟಕದ ಮೂರನೇ ಒಂದು ಭಾಗಕ್ಕೆ ಹತ್ತಿರ. ನೀರು ಕದಡಲು, ಪಂಪ್ ಮಾಡಲು, ಕೊಯ್ಯಲು ತಗಲುವ ಶಕ್ತಿಯನ್ನು ಇಲ್ಲಿ ಕಳೆದಿಲ್ಲ. ಪಾವಗಡದ 13,000 ಎಕರೆ ಸೌರ ಪಾರ್ಕಿನ ಜಾಗದಲ್ಲಿ ಇದೇ ಉದಾರ ಲೆಕ್ಕದ ಪಾಚಿ ಬೆಳೆದರೆ ಸಿಗುವ ಎಣ್ಣೆಯ ಶಾಖ ವರ್ಷಕ್ಕೆ 96 ಕೋಟಿ ಯೂನಿಟ್ಟಿಗೆ ಸಮ. ಅಲ್ಲಿನ 2,050 ಮೆಗಾವಾಟ್ ಫಲಕಗಳು ಸಾಮರ್ಥ್ಯದ ಶೇ 20 ಮಾತ್ರ ಕೊಟ್ಟರೂ 360 ಕೋಟಿ ಯೂನಿಟ್ ಬರುತ್ತದೆ, ಅದೂ ಶಾಖವಲ್ಲ, ವಿದ್ಯುತ್ತು.

ಗೊಬ್ಬರದ ಲೆಕ್ಕ ಇನ್ನೂ ಬಿರುಸು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2012ರ ವರದಿಯ ಪ್ರಕಾರ, ಆ ದೇಶದ ಸಾರಿಗೆ ಇಂಧನದ ಶೇ 5ರಷ್ಟನ್ನು, ಅಂದರೆ 3,900 ಕೋಟಿ ಲೀಟರನ್ನು, ಪಾಚಿಯಿಂದ ಮಾಡಲು 60 ಲಕ್ಷದಿಂದ 1.5 ಕೋಟಿ ಟನ್ ಸಾರಜನಕ, 10ರಿಂದ 20 ಲಕ್ಷ ಟನ್ ರಂಜಕ ಬೇಕು, ಗೊಬ್ಬರವನ್ನು ಮರುಬಳಕೆ ಮಾಡದಿದ್ದರೆ. ಕೊಳಚೆನೀರಿನಲ್ಲಿ ಬೆಳೆಸಿದರಾಯಿತು ಎಂಬ ಸಮಾಧಾನ ಒಂದು ಊರಿನ ಮಟ್ಟಿಗೆ ಸರಿ, ದೇಶದ ಮಟ್ಟಿಗೆ ಅಷ್ಟು ಕೊಳಚೆ ಸಾಲದು. ದುಡ್ಡಿದ್ದವರೂ ಇಲ್ಲಿ ಸುಸ್ತಾಗಿದ್ದಾರೆ. 2009ರಲ್ಲಿ 60 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಘೋಷಿಸಿದ ಎಕ್ಸಾನ್ ಮೊಬಿಲ್ 2023ರ ಹೊತ್ತಿಗೆ ಪಾಚಿ ಯೋಜನೆಯಿಂದ ಹಿಂದೆ ಸರಿಯಿತು.

ಈ ವಾದಕ್ಕೆ ನನ್ನ ಒಪ್ಪಿಗೆ ಬಹುಮಟ್ಟಿಗೆ ಇದೆ, ಪೂರ್ತಿ ಇಲ್ಲ. ಬಸ್ಸು, ಲಾರಿ, ಕಾರುಗಳಿಗೆ ಪಾಚಿಯ ಎಣ್ಣೆ ಎಂಬ ಮಾತು ಮುಗಿಯಿತೆಂದೇ ಹೇಳಬೇಕು, ಅಲ್ಲಿ ಬ್ಯಾಟರಿ ಮುಂದೆ ಹೋಗಿದೆ. ಆದರೆ ಬಿಸಿಲಿನ ಲೆಕ್ಕ ಎಲ್ಲ ಶಕ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಖಂಡದಿಂದ ಖಂಡಕ್ಕೆ ಹಾರುವ ವಿಮಾನ ವಿದ್ಯುತ್ ಯೂನಿಟ್ಟುಗಳನ್ನು ಹೊತ್ತು ಹಾರಲಾರದು; ಅದಕ್ಕೆ ಕಿಲೋಗೆ 43 ಮೆಗಾಜೂಲ್ ಹಿಡಿದಿಡುವ ದ್ರವವೇ ಬೇಕು. ಬಳಸಿದ ಅಡುಗೆ ಎಣ್ಣೆಯಿಂದ ವಿಮಾನ ಇಂಧನ ಮಾಡಲು ಕರಿದ ಎಣ್ಣೆ ಸಿಗುವಷ್ಟೇ ಸಿಗುತ್ತದೆ. ಅಲ್ಲಿ ಪಾಚಿಯ ನಿಜವಾದ ಪೈಪೋಟಿ ಸೌರಫಲಕದ ಜೊತೆ ನೇರವಾಗಿ ಅಲ್ಲ, ಸೌರವಿದ್ಯುತ್ತಿನಿಂದ ಜಲಜನಕ ಮಾಡಿ, ಅದನ್ನು ಇಂಗಾಲದ ಡೈಆಕ್ಸೈಡ್ ಜೊತೆ ಕೂಡಿಸಿ ತಯಾರಿಸುವ ಕೃತಕ ಇಂಧನದ ಜೊತೆ. ಆ ದಾರಿಯಲ್ಲೂ ಪ್ರತಿ ಹಂತಕ್ಕೆ ಶಕ್ತಿ ಸೋರುತ್ತದೆ, ಆದರೂ ನನ್ನ ಅಂದಾಜಿನಲ್ಲಿ ಬಿಸಿಲಿನ ಶೇ 1ನ್ನಷ್ಟೇ ಎಣ್ಣೆಯಾಗಿಸುವ ಪಾಚಿಗಿಂತ ಅದು ಮುಂದೆಯೇ ಇರುತ್ತದೆ. ಪಾಚಿಯ ಪರ ಉಳಿಯುವುದು ಅಗ್ಗದ ಕೊಳ, ಉಪ್ಪುನೀರು, ಬೇರೆ ಬೆಳೆ ಬಾರದ ನೆಲ.

ಇತ್ಯರ್ಥವಾಗದೆ ಉಳಿದದ್ದು

ಎ ತಳಿಯಲ್ಲಿ ಕೊನೆಯ ಕತ್ತರಿ ಹಾಕುವ ಕಿಣ್ವ ಯಾವುದು, ಅದು ಆಲ್ಡಿಹೈಡ್ ಮೂಲಕವೇ ಹೋಗುತ್ತದೆಯೇ, ನೀಲಿಬೆಳಕಿನ ಕಿಣ್ವದ ಕುಟುಂಬಕ್ಕೆ ಅಲ್ಲಿ ಪಾತ್ರವಿದೆಯೇ ಎಂಬುದು ರಸಾಯನದ ಕಡೆಯಿಂದ ಬಾಕಿ ಇರುವ ಪ್ರಶ್ನೆ. ಎಣ್ಣೆ ಕೋಶದಿಂದ ಹೊರಬರುವ ಬಾಗಿಲು ಯಾವುದು ಎಂಬುದು ಅದಕ್ಕಿಂತ ದೊಡ್ಡದು. ಅದು ತಿಳಿಯುವವರೆಗೆ ಕಿಣ್ವ ಒಯ್ಯುವವರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪಾಚಿಯ ಮೈಗೆ ಅಂಟಿಕೊಂಡು ಬದುಕುವ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಬೆಳವಣಿಗೆಯನ್ನು ಹೆಚ್ಚಿಸುತ್ತವೆ ಎಂದು ಜಪಾನಿನ ಪ್ರಯೋಗಗಳು ತೋರಿಸಿವೆ. ಹಾಗಿದ್ದರೆ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ತೊಳೆದು ಬೆಳೆಸಿದ ತಳಿಗಳ ಮೇಲೆ ಅಳೆದ ವೇಗ ಎಷ್ಟರಮಟ್ಟಿಗೆ ಪಾಚಿಯದೇ ವೇಗ ಎಂಬುದನ್ನೂ ಮತ್ತೆ ನೋಡಬೇಕಾಗುತ್ತದೆ.

ಎಣ್ಣೆಗೂ ನಿಧಾನಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸುವ ಉಪಾಯ ಒಂದಿದೆ. ಬಿ ತಳಿಯಲ್ಲಿ ಬೊಟ್ರಿಯೊಕಾಕೀನ್ ಮಾಡುವ ಮೂರನೆಯ ಕಿಣ್ವವನ್ನು ಮಾತ್ರ ಕೆಡಿಸಿ, ಉಳಿದದ್ದೆಲ್ಲ ಹಾಗೆಯೇ ಇಟ್ಟು, ಆ ಪಾಚಿ ಎಷ್ಟು ಬೇಗ ಬೆಳೆಯುತ್ತದೆ ಎಂದು ನೋಡುವುದು. ವೇಗ ಇಮ್ಮಡಿಯಾದರೆ ಎಣ್ಣೆಯೇ ಭಾರ ಎಂದಾಗುತ್ತದೆ, ಪಾಚಿಯನ್ನು ಪಳಗಿಸುವವರ ಆಸೆಗೆ ಮಿತಿ ಬೀಳುತ್ತದೆ. ವೇಗ ಬದಲಾಗದಿದ್ದರೆ ಹುಡುಕಬೇಕಾದ್ದು ಗುಂಪು ಕಟ್ಟುವ ವಂಶವಾಹಿಗಳನ್ನು. ಶೋವಾ ತಳಿಯ ವಂಶವಾಹಿಗಳ ಕರಡು ಪಟ್ಟಿ 2017ರಲ್ಲೇ ಪ್ರಕಟವಾಗಿದೆ. ಆದರೆ ಎಣ್ಣೆ ನೆನೆದ ಆ ಪದರವನ್ನು ದಾಟಿಸಿ ಕೋಶದೊಳಗೆ ಬೇಕಾದ ಬದಲಾವಣೆಯನ್ನು ನಂಬಿಕೆಯಿಂದ ಮಾಡುವ ವಿಧಾನ ಕ್ಲ್ಯಾಮಿಡೊಮೊನಾಸ್‌ಗೆ ಇರುವಂತೆ ಇದಕ್ಕೆ ಕೈಗೆ ಬಂದಿಲ್ಲ.